ಮೂರನೇ ಮಹಡಿಯ ನಿದ್ದೆ ಪೆಟ್ಟಿಗೆ

"ಶೆನೂದ ಮಾಮ, ನನ್ನ ಪೆಟ್ಟಿಗೆ ಕಾಣ್ತಿಲ್ಲ" ಎಂದು ನಿವೀನ್ ಹೇಳಿದಾಗ ಶೆನೂದ ಅವಳದೇ ಬಾಗಿಲ ಮುಂದೆ ಕುರ್ಚಿ ಹಾಕಿಕೊಂಡು ಕೂತಿದ್ದ. ಅಲೆಕ್ಸಾಂಡ್ರಿಯಾದ ಟ್ರಾಮಿನಲ್ಲಿ ಮೂವತ್ತೊಂದು ವರ್ಷ ಕಂಡಕ್ಟರನಾಗಿದ್ದವನು. ಅವನ ಕಣ್ಣು ತಪ್ಪಿಸಿ ಆ ಬಾಗಿಲಲ್ಲಿ ಬೆಕ್ಕು ಕೂಡ ದಾಟುತ್ತಿರಲಿಲ್ಲ. ದಾಟಿಯೂ ಇರಲಿಲ್ಲ.

ಪೆಟ್ಟಿಗೆ ಎಂದರೆ ಅಂಗೈಯಗಲದ ಒಂದು ಪ್ಲೇಯರ್. ಊಟವಾದ ಮೇಲೆ ಜನ ಬಂದು ನಿವೀನಳ ಮನೆಯ ಹಾಸಿಗೆಗಳಲ್ಲಿ ಮಲಗುತ್ತಿದ್ದರು, ಹೆಡ್‌ಫೋನ್ ಹಾಕಿಕೊಳ್ಳುತ್ತಿದ್ದರು. ಎಡಗಿವಿಗೆ ಒಂದು ಸ್ವರ, ಬಲಗಿವಿಗೆ ಅದಕ್ಕಿಂತ ಕೂದಲೆಳೆಯಷ್ಟು ಮೇಲಿನ ಸ್ವರ. ಎರಡರ ನಡುವಿನ ಅಂತರ ತಲೆಯೊಳಗೆ ಮೆಲ್ಲನೆ ಮಿಡಿಯುತ್ತದೆ, ಆ ಮಿಡಿತಕ್ಕೆ ಮನಸ್ಸಿನ ಭಾರ ಇಳಿದು ನಿದ್ದೆ ಬರುತ್ತದೆ ಎಂಬುದು ಅವಳ ನಂಬಿಕೆ. ಎರಡು ವರ್ಷ ಕೂತು ಮಾಡಿದ ಧ್ವನಿಯೆಲ್ಲ ಆ ಒಂದೇ ಪೆಟ್ಟಿಗೆಯಲ್ಲಿತ್ತು, ಬೇರೆ ನಕಲಿಲ್ಲ. ಗುರುವಾರ ಪಿಂಚಣಿದಾರರ ಸಂಘದವರು ಕೇಳಿ ನೋಡಿ, ತಮ್ಮ ಹಾಲ್ ಅವಳಿಗೆ ಕೊಡಬೇಕೋ ಬೇಡವೋ ಎಂದು ತೀರ್ಮಾನಿಸುವವರಿದ್ದರು. ಪೆಟ್ಟಿಗೆ ಇಲ್ಲದಿದ್ದರೆ ಮತ್ತೆ ಚಪ್ಪಲಿ ಅಂಗಡಿಯ ಕೆಲಸವೇ ಗತಿ.

ಆ ಮಂಗಳವಾರ ಮಲಗಿದ್ದವರು ಮೂವರು. ಹಡಗುಕಟ್ಟೆಯಲ್ಲಿ ಬಾಯ್ಲರ್ ಬಡಿಯುವ ಕೆಲಸ ಮಾಡಿ ನಿವೃತ್ತನಾದ ನಸೀಫ್, ಯಾರು ಮಾತಾಡಿಸಿದರೂ ಬಲಗಿವಿ ತಿರುಗಿಸುವವನು. ಅವನ ಹೆಂಡತಿ ತಹಿಯಾ. ಮತ್ತೆ ಬೀದಿಯವರೆಲ್ಲ ಡಾಕ್ಟ್ರು ಎಂದೇ ಕರೆಯುವ ಔಷಧಿ ಅಂಗಡಿಯ ಲಬೀಬ್, ಇದೆಲ್ಲ ಬರೀ ಬುರುಡೆ ಎಂದು ನಾಲ್ಕು ಜನರೆದುರು ಹೇಳಿ, ಪರೀಕ್ಷೆ ಮಾಡುತ್ತೇನೆಂದು ಬಂದವನು. ನಿವೀನ್ ಧ್ವನಿ ಶುರುಮಾಡಿ, ಕಣ್ಣುಪಟ್ಟಿ ಕಟ್ಟಿ, ಕೆಳಗೆ ಗುಜರಿಯವನು ಅರಚುತ್ತಿದ್ದುದರಿಂದ ಬಾಲ್ಕನಿಗೆ ಓಡಿ ಅವನನ್ನು ಸಾಗಹಾಕಿ, ಇನ್ನೊಬ್ಬ ಬಾರದಂತೆ ಅಲ್ಲೇ ಕಾವಲು ನಿಂತಳು. ನಲವತ್ತು ನಿಮಿಷದ ಮೇಲೆ ಒಳಗೆ ಬಂದರೆ ಮೂವರೂ ಮಲಗಿಯೇ ಇದ್ದಾರೆ, ವೈರುಗಳು ಮಾತ್ರ ಜೋತಾಡುತ್ತಿವೆ.

ವಿಚಿತ್ರವೆಂದರೆ ಮೂವರೂ ಧ್ವನಿ ಕೊನೆಯವರೆಗೂ ಕೇಳಿಸಿತೆಂದು ಆಣೆ ಇಟ್ಟರು. "ಈ ಎಡಗಿವೀಲಿ ಡಬ್ ಡಬ್ ಅಂತಾನೇ ಇತ್ತು ಕಣಮ್ಮ" ಎಂದ ನಸೀಫ್. ಲಬೀಬ್ ಗಂಟಲು ಸರಿಮಾಡಿಕೊಂಡು, ಹೌದು, ಗಮನವಿಟ್ಟು ಕೇಳಿದೆ ಎಂದ. "ಆ ಗುಜರಿಯವನು ಅರಚಿದ್ದೇನು, ನೀನು ಬೈದಿದ್ದೇನು" ಎಂದು ತಹಿಯಾ ಕನಿಕರಪಟ್ಟು, ಆದರೂ ಧ್ವನಿ ಸೊಗಸಾಗಿತ್ತು ಎಂದಳು. ಜೇಬು, ಹಾಸಿಗೆ, ದಿಂಬು ಎಲ್ಲ ಜಾಲಾಡಿದರು. ಸಿಗಲಿಲ್ಲ.

ಆ ಕಟ್ಟಡದಲ್ಲಿ ಏನು ಕಳೆದರೂ ಜನ ಇಳಿದು ಹೋಗುತ್ತಿದ್ದುದು ನೆಲಮಹಡಿಯ ಇನಾಯತಮ್ಮನ ಬಳಿಗೆ. ಊದ್ ಎಂಬ ತಂತಿವಾದ್ಯ ರಿಪೇರಿ ಮಾಡುವ ಎಪ್ಪತ್ತರ ಹೆಂಗಸು. ಅವರು ನಿವೀನಳಿಂದ ನಡೆದುದೆಲ್ಲ ಕೇಳಿ, ಆಮೇಲೆ ಶೆನೂದನನ್ನು ಕೂರಿಸಿಕೊಂಡು, ಯಾರು ಏನು ಹಿಡಿದು ಬಂದರು, ಏನು ಹಿಡಿದು ಹೋದರು ಎಂದು ಕೇಳಿದರು. ಶೆನೂದನಿಗೆ ಹೇಳಿಕೊಳ್ಳಲು ಇದ್ದುದು ಒಂದೇ ದುಃಖ. ತಹಿಯಾ ಒಂದು ಪಾತ್ರೆ ತುಂಬ ದ್ರಾಕ್ಷಿ ಎಲೆಯಲ್ಲಿ ಸುತ್ತಿದ ಅನ್ನ ತಂದಿದ್ದಳು. ಹೋಗುವಾಗ ಅದನ್ನು ತಟ್ಟೆಗೆ ಸುರಿದು, ಪಾತ್ರೆ ಮುಚ್ಚಿ ಎದೆಗವುಚಿಕೊಂಡು ಹೊರಟಳು. ತನಗೆ ಒಂದು ಸುರುಳಿಯೂ ಸಿಗಲಿಲ್ಲ.

"ನಾಳೆ ಹತ್ತು ಗಂಟೆಗೆ ಎಲ್ಲರನ್ನೂ ಚಹಾಕ್ಕೆ ಕರಿ" ಎಂದರು ಇನಾಯತಮ್ಮ.

ಬೆಳಿಗ್ಗೆ ಎಲ್ಲರೂ ಸೇರಿದ ಮೇಲೆ ಅವರು ಊದ್ ತೊಡೆಯ ಮೇಲಿಟ್ಟುಕೊಂಡು ಜೋಡಿ ತಂತಿಯಲ್ಲಿ ಒಂದನ್ನು ಚೂರು ಸಡಿಲಿಸಿ ಮೀಟಿದರು. ನಾದ ಉಯ್ಯಾಲೆಯಂತೆ ತೂಗಿತು. ತಂತಿ ಎರಡೂ ಗಾಳಿಯಲ್ಲಿ ಬೆರೆತರೆ ಹೀಗೆ, ನಿವೀನಳ ಸ್ವರಗಳು ಬೆರೆಯುವುದು ತಲೆಯೊಳಗೆ, ಅದಕ್ಕೆ ಎರಡು ಕಿವಿಯೂ ಬೇಕು ಎಂದರು. "ನಸೀಫ್, ನಿನ್ನ ಎಡಗಿವಿ ಹೋಗಿ ಎಷ್ಟು ವರ್ಷ ಆಯ್ತು?"

ನಸೀಫ್ ನೆಲ ನೋಡಿದ. ಇಪ್ಪತ್ತು ಆಯಿತಂತೆ. ಆ ಹುಡುಗಿಯ ಮನಸ್ಸು ನೋಯಬಾರದೆಂದು ಹಾಗೆ ಹೇಳಿದ್ದನಂತೆ, ನಿಜದಲ್ಲಿ ತಲೆ ಇಟ್ಟ ತಕ್ಷಣ ನಿದ್ದೆ.

"ಡಾಕ್ಟ್ರೇ, ನೀವು?"

"ಎರಡನೇ ನಿಮಿಷಕ್ಕೇ" ಎಂದ ಲಬೀಬ್, ಕಿವಿ ಕೆಂಪಾಗಿ. ಬುರುಡೆ ಎಂದವನು ಗೊರಕೆ ಹೊಡೆದೆ ಎಂದು ಹೇಗೆ ಹೇಳುತ್ತಾನೆ?

ಇನಾಯತಮ್ಮ ಮುಂದುವರಿಸಿದರು. ಇಬ್ಬರೂ ನಿದ್ದೆಯಲ್ಲಿದ್ದ ಮೇಲೆ ಅವರ ಸಾಕ್ಷಿ ಬಿದ್ದುಹೋಯಿತು. ಹೆಡ್‌ಫೋನ್ ಕಿವಿಯಲ್ಲಿದ್ದವರಿಗೆ ಮೂರು ಮಹಡಿ ಕೆಳಗಿನ ಗುಜರಿಯವನ ಕೂಗು ಕೇಳಿಸದು. ಕೇಳಿಸಿದ್ದು ಒಬ್ಬಳಿಗೇ. ಇನ್ನು ಪಾತ್ರೆ. ತಿಂಡಿ ಕೊಟ್ಟ ಪಾತ್ರೆ ಪಡೆದವರ ಮನೆಯಲ್ಲೇ ಉಳಿಯುತ್ತದೆ, ನಾಲ್ಕು ದಿನ ಬಿಟ್ಟು ಏನಾದರೂ ತುಂಬಿಕೊಂಡು ವಾಪಸ್ ಬರುತ್ತದೆ. ಈ ಕಟ್ಟಡದಲ್ಲಿ ಅಂದೇ ಕೈಯಾರೆ ಪಾತ್ರೆ ಹಿಂದಕ್ಕೆ ಒಯ್ದವರನ್ನು ತಾವು ಕಂಡಿಲ್ಲ, ಒಳಗೆ ಬೇರೇನಾದರೂ ಇದ್ದರೆ ಮಾತು ಬೇರೆ.

ತಹಿಯಾ ಚೀಲದಿಂದ ಪೆಟ್ಟಿಗೆ ತೆಗೆದು ನಿವೀನಳ ಮಡಿಲಲ್ಲಿಟ್ಟಳು. "ಮೂರು ವಾರ ಆಯ್ತಮ್ಮ, ಇವರು ಬೀಪಿ ಮಾತ್ರೆ ಮುಟ್ಟಿಲ್ಲ. ನಿವೀನಳ ಪೆಟ್ಟಿಗೆ ಇದೆಯಲ್ಲ ಅಂತಾರೆ. ಅತ್ತೂ ನೋಡಿದೆ, ಜಗಳಾನೂ ಆಡಿದೆ. ಕೇಳ್ಲಿಲ್ಲ. ಪೆಟ್ಟಿಗೆ ಇಲ್ದಿದ್ರೆ ಮಾತ್ರೆ ನುಂಗ್ತಾರೆ ಅನ್ಕೊಂಡೆ."

ನಿವೀನ್ ಪೆಟ್ಟಿಗೆಯನ್ನು ಮಡಿಲಿಂದ ತೆಗೆದು ಪಕ್ಕಕ್ಕಿಟ್ಟಳು. ಇದು ಔಷಧಿಯಲ್ಲ ಎಂದು ಮೊದಲ ದಿನ ಒಮ್ಮೆ ಹೇಳಿದ್ದಳು. ಆಮೇಲೆ ಹೊಗಳಿಕೆ ಕೇಳುವುದರಲ್ಲಿ ಮತ್ತೆ ಹೇಳುವುದನ್ನೇ ಮರೆತಿದ್ದಳು.

"ಹಾಗಾದ್ರೆ ಒಂದು ಕಿವೀಲಿ ನಾನು ಮಲಗಿದ್ದು ಹೇಗೆ?" ಎಂದ ನಸೀಫ್.

"ನಲವತ್ತು ನಿಮಿಷ ನಿನ್ನನ್ನ ಯಾರೂ ಮಾತಾಡಿಸ್ಲಿಲ್ಲವಲ್ಲ" ಎಂದರು ಇನಾಯತಮ್ಮ. ಮಿಡಿತ ಕೇಳಿಸಿಕೊಂಡವರಿಗೆ ಅದರಿಂದಲೂ ಹಿತವಾದೀತು, ಎಷ್ಟು ಎಂದು ತಮಗೆ ಗೊತ್ತಿಲ್ಲ, ಆದರೆ ರಕ್ತದ ಒತ್ತಡ ಇಳಿಸುವ ಕೆಲಸ ಅದರದಲ್ಲ ಎಂದರು. ಮೊದಲು ನಕ್ಕವನು ನಸೀಫನೇ. ಲಬೀಬ್ ಓಡಿಹೋಗಿ ಬೀಪಿ ಯಂತ್ರ ತಂದ. ಅಂಕಿ ಮೇಲಿತ್ತು, ಕೈಮೀರಿರಲಿಲ್ಲ. ತಹಿಯಾ ನೀರು ಹಿಡಿದು ನಿಂತಳು, ನಸೀಫ್ ಮಾತ್ರೆ ನುಂಗಿದ, ಅಂದೇ ಸಂಜೆ ಡಾಕ್ಟರರ ಬಳಿ ಹೋಗಲು ಒಪ್ಪಿದ.

ಗುರುವಾರ ಸಂಘದ ಐದು ಜನ ಬಂದರು. ಇದರಿಂದ ರೋಗ ವಾಸಿಯಾಗುತ್ತದೆಯೇ ಎಂದು ಅಧ್ಯಕ್ಷರು ಕೇಳಿದರು. "ಇಲ್ಲ ಯಜಮಾನ್ರೇ" ಎಂದಳು ನಿವೀನ್. "ಯಾರೂ ಮಾತ್ರೆ ಬಿಡಬಾರ್ದು. ಬಂದೋರನ್ನೆಲ್ಲ ದಿನಾ ಕೇಳ್ತೀನಿ. ಸ್ವಲ್ಪ ಹೊತ್ತು ಹಾಯಾಗಿರ್ಬಹುದು, ನಿದ್ದೆ ಬಂದ್ರೂ ಬರಬಹುದು. ಅಷ್ಟೇ."

ಅಷ್ಟೇನಾ ಎಂದು ಗೊಣಗುತ್ತ ಐವರೂ ಮಲಗಿದರು. ನಲವತ್ತು ನಿಮಿಷದ ಮೇಲೆ ನಾಲ್ವರು ಎದ್ದು ಕಣ್ಣುಜ್ಜಿ, ಹಾಲ್ ಕೊಡುವುದೇ ಸರಿ ಎಂದರು. ಕಾಗದ ಸಿದ್ಧವಾಗಿತ್ತು, ಪೆನ್ನೂ ಇತ್ತು. ಸಹಿ ಹಾಕಬೇಕಾದ ಅಧ್ಯಕ್ಷರು ಏಳಲಿಲ್ಲ. ಎಬ್ಬಿಸಲು ಯಾರಿಗೂ ಮನಸ್ಸಾಗದೆ, ಇನ್ನೊಂದು ಸುತ್ತು ಚಹಾ ತರಿಸಿ ಎಲ್ಲರೂ ಪಿಸುಮಾತಿನಲ್ಲಿ ಹರಟುತ್ತ ಕೂತರು.