ಸೆತ್ಸುಕೊ ಅವರ ಸಕ್ಕರೆ

2015ರ ಮಾರ್ಚ್ 13, ಶುಕ್ರವಾರ ಬೆಳಿಗ್ಗೆ ಪರ್ತ್ ನಗರದ ಕ್ಯಾನಿಂಗ್ ವೇಲ್ ಠಾಣೆಗೆ ಒಂದು ದೂರು ಬಂತು. ಅದನ್ನು ಯಾವ ಕಲಮಿನ ಕೆಳಗೆ ಬರೆದುಕೊಳ್ಳಬೇಕೆಂದು ಯಾರಿಗೂ ಹೊಳೆಯಲಿಲ್ಲ. ಕೌಂಟರಿನಲ್ಲಿದ್ದವನು ತಲೆ ಕೆರೆದುಕೊಂಡು ಅದನ್ನು ಒಳಗೆ ದಾಟಿಸಿದ. ಯಾರಿಗೂ ಬೇಡವಾದದ್ದು ಕೊನೆಗೆ ಬಂದು ಬೀಳುತ್ತಿದ್ದುದು ಡಿಟೆಕ್ಟಿವ್ ಸಾರ್ಜೆಂಟ್ ರಾಜಗೋಪಾಲನ ಮೇಜಿಗೆ. ನಮ್ಮ ಕಡೆಯ ಲೆಕ್ಕದಲ್ಲಿ ಅವನನ್ನು ಇನ್ಸ್‌ಪೆಕ್ಟರ್ ಅನ್ನಬಹುದು. ಕೋಲಾರದ ಚಿನ್ನದ ಗಣಿಯಿಂದ ಕಾಲ್ಗೂರ್ಲಿಯ ಚಿನ್ನದ ಗಣಿಗೆ ಬಂದ ಭೂವಿಜ್ಞಾನಿಯ ಮಗ. ವಯಸ್ಸು ನಲವತ್ತಾರು, ಸಹನೆ ಕಡಿಮೆ.

ದೂರು ಕೊಟ್ಟವರು ನಯೋಮಿ ಪ್ರೆಸ್ಕಾಟ್ ಎಂಬ ಶಾಲಾ ಶಿಕ್ಷಕಿ. ಕೈಯಲ್ಲಿ ಒಂದು ಹಳೆಯ ಮೊಬೈಲ್ ಹಿಡಿದಿದ್ದರು.

"ಯಾರ ಫೋನು ಇದು?"

"ನಮ್ಮಮ್ಮಂದು. ಸೆತ್ಸುಕೊ ಪ್ರೆಸ್ಕಾಟ್. ಬ್ರಿಸ್ಬೇನಿನ ಸನ್ನಿಬ್ಯಾಂಕಲ್ಲಿದ್ರು."

"ಇದ್ರು ಅಂದ್ರೆ?"

"ಜನವರಿ ಇಪ್ಪತ್ತೆರಡಕ್ಕೆ ತೀರ್ಕೊಂಡ್ರು. ಹಾರ್ಟ್ ಅಂದ್ರು. ಎಂಬತ್ತನಾಲ್ಕು ವರ್ಷದವರ ವಿಷಯದಲ್ಲಿ ಯಾರೂ ಜಾಸ್ತಿ ಕೇಳಲ್ಲ. ಅವರು ತೆಗೆದಿದ್ದ ಫೋಟೋ ನೋಡೋಣ ಅಂತ ಮೊನ್ನೆ ಫೋನ್ ಚಾರ್ಜ್ ಮಾಡಿದೆ. ಮೆಸೇಜ್‌ಗಳು ಒಂದರ ಹಿಂದೊಂದು ಬಂದ್ವು. ಓದಿ."

ರಾಜಗೋಪಾಲ ಓದಿದ. ಜನವರಿ ಕೊನೆಯಿಂದೀಚೆ ಪ್ರತಿ ಶುಕ್ರವಾರಕ್ಕೊಂದರಂತೆ ಎಲ್ಲವೂ ಒಂದೇ ಮಾತು: 'ಸೆತ್ಸುಕೊ ಅವರೇ, ಈ ವಾರ ನಿಮ್ಮ ಸಕ್ಕರೆ ಬಹಳ ಚೆನ್ನಾಗಿದೆ. ಅಭಿನಂದನೆಗಳು.'

ಕಳಿಸಿದ್ದು ಕೆಸ್ಟ್ರೆಲ್ ಸಂಶೋಧನಾ ಕೇಂದ್ರದ ಕಂಪ್ಯೂಟರು. ಯುದ್ಧ ಮುಗಿದ ಮೇಲೆ ಆಸ್ಟ್ರೇಲಿಯನ್ ಸಿಪಾಯಿಗಳನ್ನು ಮದುವೆಯಾಗಿ ಹಡಗು ಹತ್ತಿ ಬಂದ ಜಪಾನಿ ಹೆಂಗಸರಲ್ಲಿ ಈಗ ಉಳಿದವರೆಲ್ಲ ಎಂಬತ್ತು ದಾಟಿದವರು. ಹಲವರಿಗೆ ಹಳೆಯ ಮಧುಮೇಹ. ಪರ್ತ್, ಬ್ರಿಸ್ಬೇನ್, ಅಡಿಲೇಡುಗಳಿಂದ ಅಂಥ ಮೂವತ್ತು ಮಂದಿಯನ್ನು ಸೇರಿಸಿ, ಕೆಸ್ಟ್ರೆಲ್‌ನವರು ಒಂದು ಹೊಸ ಮಾತ್ರೆಯನ್ನು ಪರೀಕ್ಷಿಸುತ್ತಿದ್ದರು. ತೋಳಿಗೆ ಕೋಟಿನ ಗುಂಡಿಯಷ್ಟು ಅಗಲದ ಸೆನ್ಸರ್ ಅಂಟಿಸಿದರೆ ಅದು ಹಗಲಿರುಳೂ ಸಕ್ಕರೆಯ ಏರಿಳಿತ ಬರೆದು ಕೇಂದ್ರಕ್ಕೆ ಕಳಿಸುತ್ತದೆ.

"ಅಮ್ಮನನ್ನ ದಹನ ಮಾಡಿದ್ವಿ," ಎಂದರು ನಯೋಮಿ. "ಹಾಗಾದ್ರೆ ಈ ಸಕ್ಕರೆ ಯಾರದ್ದು? ಆ ಮಾತ್ರೆ ಅವರನ್ನ ಕೊಂದಿತಾ? ಇನ್ನೂ ಎಷ್ಟು ಜನ ಮುದುಕಿಯರು ಅದನ್ನೇ ನುಂಗ್ತಿದಾರೆ?"

ಭಾರತದಲ್ಲಾದರೆ ಎಫ್‌ಐಆರ್ ಆಗುತ್ತಿತ್ತು. ಇಲ್ಲಿ ಆದದ್ದು ಒಂದು ವರದಿ ಸಂಖ್ಯೆ ಮಾತ್ರ. ಅಂದೇ ರಾಜಗೋಪಾಲ ಬ್ರಿಸ್ಬೇನಿಗೆ ಫೋನ್ ಮಾಡಿದ. ಸಾವು ನಮ್ಮಲ್ಲಾಗಿರಬಹುದು, ಫೋನು ನಿಮ್ಮಲ್ಲಿದೆ, ಕೇಂದ್ರವೂ ನಿಮ್ಮ ಊರಿನದು, ಆದ್ದರಿಂದ ಕೇಸೂ ನಿಮ್ಮದೇ ಎಂದರು ಅಲ್ಲಿಯ ಪೊಲೀಸರು. ಅಡಿಲೇಡಿನವರು ಇನ್ನೂ ಸಂಕ್ಷಿಪ್ತ: ನಮ್ಮಲ್ಲಿ ದೂರು ಕೊಟ್ಟವರೇ ಇಲ್ಲವಲ್ಲ? ಒಂದು ದೇಶ, ಮೂರು ರಾಜ್ಯ, ಮೂರು ಪೊಲೀಸು. ಜಾರಿಕೊಳ್ಳುವ ವಿಷಯದಲ್ಲಿ ಮಾತ್ರ ಎಲ್ಲರೂ ಒಂದೇ ತಾಯಿಯ ಮಕ್ಕಳು ಎಂದುಕೊಂಡು ಅವನು ಫೋನ್ ಕುಕ್ಕಿದ.

16ನೇ ತಾರೀಖು ಸೋಮವಾರ, ಕಾನ್‌ಸ್ಟೇಬಲ್ ಮಿಷೆಲ್ ಡನ್ ಜೊತೆ ಕೆಸ್ಟ್ರೆಲ್ ಕಚೇರಿಗೆ ಹೋದ. ಗೋದಾಮುಗಳ ನಡುವೆ ಒಂದು ತಗಡಿನ ಮಾಡಿನ ಕಟ್ಟಡ. ಹೊರಗೆ ಮೂವತ್ತಾರು ಡಿಗ್ರಿ, ಒಳಗೆ ಏಸಿ ಕೆಟ್ಟಿತ್ತು. ನಿರ್ದೇಶಕರು ಮೆಲ್ಬರ್ನಿನಲ್ಲಿ ಯಾವುದೋ ಸಮ್ಮೇಳನದಲ್ಲಿದ್ದರು. ಬಾಗಿಲಿಗೆ ಬಂದವರು ಅಧ್ಯಯನದ ಸಂಯೋಜಕಿ ಇಂದುಮತಿ. ಸುಮಾರು ಅರವತ್ತರ ಹೆಂಗಸು, ಹಿಂದೆ ಮೈಸೂರಿನಲ್ಲಿ ನರ್ಸ್ ಆಗಿದ್ದವರು. ಆ ಸೆಖೆಯಲ್ಲೂ ಮಣಿಕಟ್ಟಿನವರೆಗೆ ತೋಳಿದ್ದ ಹತ್ತಿ ಜಾಕೆಟ್ಟು ತೊಟ್ಟಿದ್ದರು.

"ರಾಜಗೋಪಾಲ ಅಂದ್ರೆ ನಮ್ಮವರೇ! ಬನ್ನಿ ಬನ್ನಿ. ಈ ಬಿಸಿಲಲ್ಲಿ ಬಂದ್ಬಿಟ್ರಲ್ಲ!"

ಚಕ್ಕುಲಿ ಬಂತು, ಕಾಫಿ ಬಂತು. ಮಿಷೆಲ್ ಎರಡು ಚಕ್ಕುಲಿ ತಿಂದಳು, ರಾಜಗೋಪಾಲ ಮೂರು.

"ನೀವು?"

"ನಂಗಿವತ್ತು ಬೇಡ. ನೀವು ತಗೊಳ್ಳಿ."

"ಸತ್ತವರ ಸಕ್ಕರೆ ಹೇಗೆ ಬರ್ತಿದೆ ಮೇಡಂ?"

"ಕಂಪ್ಯೂಟರ್ ಎಡವಟ್ಟು ಸರ್. ಹಳೇ ಡೇಟಾನೇ ಮತ್ತೆ ಮತ್ತೆ ಓಡಿರತ್ತೆ. ಪಾಪ, ಸೆತ್ಸುಕೊ ಸಾನ್ ಮಗಳಿಗೆ ಎಷ್ಟು ನೋವಾಯ್ತೋ." ಜಪಾನಿಯರ 'ಸಾನ್' ಅಂದರೆ ನಮ್ಮ 'ಅವರು'.

ಅಷ್ಟರಲ್ಲಿ ಮೇಜಿನ ಫೋನು ಹೊಡೆದುಕೊಂಡಿತು. ಇಂದುಮತಿ ಎತ್ತಿ ಜಪಾನಿ ಭಾಷೆಯಲ್ಲಿ ಮಾತಿಗಿಳಿದರು. ನಕ್ಕರು, ಗದರಿದರು, ಏನೋ ಒಪ್ಪಿಸಿ ಇಟ್ಟರು. "ಫುಮಿಯೆ ಸಾನ್, ಅಡಿಲೇಡಿನ ಮಾಡ್ಬರಿಯವರು. ಮಗ ತಂದ ಸೂಪು ಬೇಡ್ವಂತೆ. ಎರಡು ವಾರಕ್ಕೊಂದ್ಸಲ ಹೋಗಿ ನೋಡ್ಕೊಂಡು ಬರ್ತೀನಿ. ಆ ಭಾಷೆ ಈ ಕೆಲ್ಸಕ್ಕೇಂತ ಕಲಿತಿದ್ದು."

ಇಂಥ ಹೆಂಗಸನ್ನು ಅನುಮಾನಿಸುವುದು ಹೇಗೆ? ರಾಜಗೋಪಾಲ ಅನುಮಾನಿಸಲಿಲ್ಲ. ದಾಖಲೆ ಕೇಳಿದ. ರೋಗಿಗಳ ಗುಟ್ಟು, ನ್ಯಾಯಾಲಯದ ಆದೇಶ ಬೇಕು ಎಂದರು. ಆದೇಶ ಕೈಗೆ ಬರುವಷ್ಟರಲ್ಲಿ ಒಂದು ವಾರ ನೀರಿನಲ್ಲಿ ಹೋಮವಾಯಿತು.

ದಾಖಲೆ ಬಂದ ಮೇಲೆ ಅದನ್ನು ಹಿಡಿದು ಕೂತವಳು ಮಿಷೆಲ್. ಮೊದಲ ಸುದ್ದಿ ಕೆಟ್ಟದ್ದು. ಸಾವಿನ ನೋಂದಣಿಯೊಂದಿಗೆ ಹೋಲಿಸಿದರೆ ಸತ್ತೂ ಸಕ್ಕರೆ ಕಳಿಸುತ್ತಿದ್ದವರು ಸೆತ್ಸುಕೊ ಒಬ್ಬರೇ ಅಲ್ಲ, ನಾಲ್ವರು. ಇಬ್ಬರು ಬ್ರಿಸ್ಬೇನಿನವರು, ಒಬ್ಬರು ಅಡಿಲೇಡಿನವರು, ಒಬ್ಬರು ಪರ್ತಿನವರು.

"ಹಳೇ ಡೇಟಾ ಅಲ್ಲ, ಸಾರ್ಜ್. ದಿನಾ ಹೊಸದು," ಎಂದಳು ಮಿಷೆಲ್. "ಇನ್ನೊಂದು ನೋಡಿ. ಮೂರು ಊರಿನ ಗಡಿಯಾರ ಬೇರೆ ಬೇರೆ. ಅದಕ್ಕೇ ಕಾಗದದ ಮೇಲೆ ಊರಿಗೊಂದು ಊಟದ ಹೊತ್ತು ಕಾಣ್ತಿತ್ತು. ಎಲ್ಲಾನೂ ಪರ್ತ್ ಟೈಮಿಗೆ ತಿರುಗಿಸ್ದೆ."

ನಾಲ್ಕು ಗೆರೆಗಳನ್ನು ಅವಳು ಒಂದರ ಮೇಲೊಂದು ಇಟ್ಟಳು. ನಾಲ್ಕೂ ಒಂದೇ ಗೆರೆಯಾದವು. ನಾಲ್ವರು ಸತ್ತವರೂ ಒಟ್ಟಿಗೇ ತಿಂಡಿ ತಿನ್ನುತ್ತಿದ್ದರು, ಒಟ್ಟಿಗೇ ನಿದ್ದೆ ಮಾಡುತ್ತಿದ್ದರು.

"ಒಂದೇ ಮೈ," ಎಂದ ರಾಜಗೋಪಾಲ. "ನಾಲ್ಕು ಸೆನ್ಸರ್. ತಿಂಡಿ, ನಿದ್ದೆ ಎಲ್ಲಾ ಇಲ್ಲಿಯ ಹೊತ್ತಿಗೇ, ಅಂದ್ರೆ ಪರ್ತಲ್ಲೇ ಇರೋರು."

25ನೇ ತಾರೀಖು ಬುಧವಾರ ಮಾಡ್ಬರಿಯಿಂದ ಸುದ್ದಿ ಬಂತು. ಫುಮಿಯೆ ಸಕ್ಕರೆ ಪೂರಾ ಕುಸಿದು ಬಚ್ಚಲಲ್ಲಿ ಬಿದ್ದಿದ್ದರು. ಸೊಂಟದ ಮೂಳೆ ಮುರಿದು ಆಸ್ಪತ್ರೆ ಸೇರಿದ್ದರು. ವಿಚಾರಿಸಿದಾಗ ತಿಳಿಯಿತು: ಮಾರ್ಚ್ ಮೊದಲ ವಾರದಲ್ಲಿ ಎಲ್ಲರ ಮಾತ್ರೆಯ ಪ್ರಮಾಣವನ್ನೂ ಏರಿಸಲಾಗಿತ್ತು. ಸಕ್ಕರೆ ಅಪಾಯದ ಗೆರೆಗಿಂತ ಕೆಳಗೆ ಹೋಗುತ್ತಿಲ್ಲ ಎಂದು ಸರಾಸರಿ ಹೇಳಿತ್ತು. ಮೂವತ್ತರಲ್ಲಿ ನಾಲ್ಕು ಸುಳ್ಳು ಸೇರಿ ಆದ ಸರಾಸರಿ ಅದು. ಬದುಕಿರುವ ಇಪ್ಪತ್ತಾರು ಮಂದಿ ದಿನಾ ಬೆಳಿಗ್ಗೆ ಆ ಸುಳ್ಳನ್ನು ನೀರಿನ ಜೊತೆ ನುಂಗುತ್ತಿದ್ದರು.

ರಾಜಗೋಪಾಲ ಅಧ್ಯಯನದ ಮೇಲ್ವಿಚಾರಣಾ ಸಮಿತಿಯ ಕಾರ್ಯದರ್ಶಿಗೆ ಫೋನ್ ಮಾಡಿದ.

"ಮಾತ್ರೆ ಇವತ್ತೇ ನಿಲ್ಲಿಸಿ."

"ಯಾವ ಆಧಾರದ ಮೇಲೆ?"

"ನಾಲ್ವರ ಡೇಟಾ ಒಂದೇ ಮೈಯಿಂದ ಬರ್ತಿದೆ."

"ಯಾರ ಮೈ?"

"ಗೊತ್ತಿಲ್ಲ ಇನ್ನೂ."

"ಯಂತ್ರದ ಗಡಿಯಾರದ ದೋಷವೂ ಇರಬಹುದು. ಡೇಟಾ ತಪ್ಪು ಅಂತ ಹೇಳಬೇಕಾದವರು ತಜ್ಞರು, ಸಾರ್ಜೆಂಟ್. ವರದಿ ಕಳಿಸಿ. ಮುಂದಿನ ಸಭೆ ಮೇ ತಿಂಗಳಲ್ಲಿದೆ."

ಮೇ! ಅಷ್ಟರಲ್ಲಿ ಇನ್ನೆಷ್ಟು ಬಚ್ಚಲಲ್ಲಿ ಇನ್ನೆಷ್ಟು ಮೂಳೆ ಮುರಿಯಬೇಕೋ? ಅವನಿಗೆ ಮೈಯೆಲ್ಲ ಉರಿಯಿತು. ಎದುರಿಗೆ ಬೈಯಲು ಮಿಷೆಲ್ ಬಿಟ್ಟರೆ ಯಾರೂ ಇರಲಿಲ್ಲ, ಅವಳದೇನೂ ತಪ್ಪಿರಲಿಲ್ಲ.

ಮರುದಿನ ಮಧ್ಯಾಹ್ನ ಅವಳು ಮತ್ತೆ ಆ ಗೆರೆಯನ್ನು ಅವನ ಮುಂದಿಟ್ಟಳು.

"ಸಾರ್ಜ್, ಜಪಾನಿನವರಿಗೆ ಉಪವಾಸದ ದಿನ ಅಂತ ಇರತ್ತಾ? ಜನವರಿ ಮೂವತ್ತು, ಫೆಬ್ರವರಿ ಹದಿನೈದು, ಮಾರ್ಚ್ ಒಂದು, ಅಲ್ಲೀವರೆಗೇ ನೋಡಿದೀನಿ. ಆ ದಿನಗಳಲ್ಲಿ ಈ ಮೈ ಏನೂ ತಿಂದಿಲ್ಲ. ಗೆರೆ ನೆಲ ಹಿಡಿದು ಮಲಗಿದೆ."

ನಯೋಮಿಗೆ ಫೋನ್ ಮಾಡಿ ಕೇಳಿದ. ಅವರು ನಕ್ಕೇಬಿಟ್ಟರು. "ಉಪವಾಸಾನಾ? ಅಮ್ಮ ಯುದ್ಧದಲ್ಲಿ ಹಸಿದೋರು. ನಾವು ಒಂದ್ಹೊತ್ತು ತಪ್ಪಿಸಿದ್ರೂ ಬೈತಿದ್ರು."

ರಾಜಗೋಪಾಲ ಕಾಗದವನ್ನು ಹತ್ತಿರ ಎಳೆದುಕೊಂಡ. ಮಲಗಿದ ಗೆರೆ ಮಾರನೆಯ ದಿನ ಬೆಳಕು ಹರಿಯುತ್ತಲೇ ಎದ್ದು ನೆಟ್ಟಗೆ ಮೇಲಕ್ಕೆ ಹೋಗಿತ್ತು. ಉಳಿದ ದಿನಗಳಲ್ಲಿ ಅಷ್ಟು ಬೇಗ ತಿಂಡಿ ಇರಲಿಲ್ಲ. ಯಾರು ಹಾಗೆ ಹೊತ್ತು ಹುಟ್ಟುವುದನ್ನೇ ಕಾದು ಊಟಕ್ಕೆ ಕೂರುತ್ತಾರೆ?

ಅವನಿಗೆ ಕಾಲ್ಗೂರ್ಲಿಯ ಮನೆ ನೆನಪಾಯಿತು. ಹದಿನೈದು ದಿನಕ್ಕೊಮ್ಮೆ ಕತ್ತಲಿರುವಾಗಲೇ ಸ್ನಾನ ಮಾಡಿ ಅಡಿಗೆಗೆ ನಿಲ್ಲುತ್ತಿದ್ದ ಅಮ್ಮ, ಒಗ್ಗರಣೆಯ ಘಾಟಿಗೆ ಸೀನುತ್ತ ಏಳುತ್ತಿದ್ದ ತಾನು. ಫೋನ್ ಎತ್ತಿಕೊಂಡ.

"ಅಮ್ಮಾ, ಹೋದ ಏಕಾದಶಿ ಯಾವತ್ತಿತ್ತು?"

"ಏನೋ ಇದು, ಈಗಾದ್ರೂ ಬುದ್ಧಿ ಬಂತಾ? ಹದಿನಾರನೇ ತಾರೀಖು, ಸೋಮವಾರ. ಅದಕ್ಕೆ ಮುಂಚಿಂದು ಮಾರ್ಚ್ ಒಂದು."

"ಫೆಬ್ರವರಿ ಹದಿನೈದು?"

"ಅದೂ ಏಕಾದಶಿನೇ. ಯಾಕೆ, ನೀನೂ ಮಾಡ್ತೀಯಾ?"

ಹದಿನಾರು, ಸೋಮವಾರ. ಆ ದಿನದ ಗೆರೆಯೂ ನೆಲ ಹಿಡಿದಿತ್ತು. ನಂಗಿವತ್ತು ಬೇಡ, ನೀವು ತಗೊಳ್ಳಿ. ಮೂವತ್ತಾರು ಡಿಗ್ರಿಯಲ್ಲಿ ತೋಳು ಮುಚ್ಚಿದ ಜಾಕೆಟ್ಟು. ಎಲ್ಲವೂ ಕಣ್ಣೆದುರೇ ಇತ್ತು, ತಾನು ಚಕ್ಕುಲಿ ಕಡಿಯುತ್ತ ಕೂತಿದ್ದೆ ಎಂದು ಅವನು ತನ್ನನ್ನೇ ಶಪಿಸಿಕೊಂಡ.

27ನೇ ತಾರೀಖು ಶುಕ್ರವಾರ ಬೆಳಿಗ್ಗೆ ವಾರಂಟ್ ಹಿಡಿದು ಇಬ್ಬರೂ ಕೆಸ್ಟ್ರೆಲ್‌ಗೆ ಹೋದರು. ಪೊಲೀಸ್ ವೈದ್ಯೆಯೂ ಜೊತೆಗಿದ್ದರು. ಈ ಸಲ ಕಾಫಿಯ ಮಾತು ಬರಲಿಲ್ಲ.

"ಫುಮಿಯೆ ಬಿದ್ದಿದ್ದು ಗೊತ್ತಾಯ್ತಾ?"

ಇಂದುಮತಿ ತಲೆಯಾಡಿಸಿದರು. ಅತ್ತು ಅತ್ತು ಕಣ್ಣು ಊದಿಕೊಂಡಿದ್ದವು.

"ಜಾಕೆಟ್ ತೆಗೀತೀರಾ ಮೇಡಂ?"

ಅವರು ಬೇಡವೆನ್ನಲಿಲ್ಲ. ಎರಡೂ ತೋಳಲ್ಲಿ ಒಂದೊಂದು ಬಿಳಿ ಬಿಲ್ಲೆ, ಹೊಟ್ಟೆಯ ಮೇಲೆ ಇನ್ನೆರಡು. ವೈದ್ಯೆ ಒಂದೊಂದಾಗಿ ಬಿಡಿಸಿ ಲಕೋಟೆಗೆ ಹಾಕಿದರು. ಇಲ್ಲಿ ಪಂಚನಾಮೆಗೆ ಇಬ್ಬರು ಪಂಚರನ್ನು ಹುಡುಕಿ ತರುವುದಿಲ್ಲ, ವಿಡಿಯೊ ಕ್ಯಾಮೆರಾವೇ ಪಂಚ. ಬಿಲ್ಲೆಗಳ ಮೇಲಿನ ನಂಬರುಗಳು ನಾಲ್ವರು ಸತ್ತವರ ಹೆಸರಿನಲ್ಲಿದ್ದ ನಂಬರುಗಳಿಗೆ ಸರಿಹೋದವು. 11.40ಕ್ಕೆ ದಸ್ತಗಿರಿ. ಆ ವಿಡಿಯೊ ಕಂಡ ಮೇಲೆ ಸಮಿತಿಗೆ ಮೇ ತಿಂಗಳು ಬೇಕಾಗಲಿಲ್ಲ. ಸಂಜೆಯೊಳಗೆ ಮೂರೂ ನಗರಗಳಲ್ಲಿ ಮಾತ್ರೆ ನಿಂತಿತು.

ವಿಚಾರಣೆಯ ಕೋಣೆಯಲ್ಲಿ ಇಂದುಮತಿ ವಕೀಲರ ಮಾತನ್ನೂ ಕೇಳದೆ ಎಲ್ಲವನ್ನೂ ಹೇಳಿದರು.

"ಯಾಕೆ ಮಾಡಿದ್ರಿ?"

"ಜನ ಇಪ್ಪತ್ತೆಂಟಕ್ಕಿಂತ ಕಮ್ಮಿಯಾದ್ರೆ ಸ್ಟಡಿ ಮುಚ್ಚತ್ತೆ ಅಂತ ನಿಯಮ. ಮುಚ್ಚಿದ್ರೆ ನಾನು ಅವರ ಮನೆಗೆ ಹೋಗೋ ಹಾಗಿಲ್ಲ. ಅವರಿಗೆ ಇಂಗ್ಲಿಷ್ ಮರೆತುಹೋಗ್ತಿದೆ ಸರ್. ಅರವತ್ತು ವರ್ಷ ಆಡಿದ ಭಾಷೆ, ವಯಸ್ಸಾದ್ಮೇಲೆ ಮೊದ್ಲು ಅದೇ ಹೋಗ್ಬಿಡತ್ತೆ. ಮಕ್ಕಳಿಗೆ ಜಪಾನೀಸ್ ಬರಲ್ಲ. ಎಲ್ಲಿ ನೋವು ಅಂತ ಹೇಳ್ಕೊಳ್ಳೋಕೆ ನಾನೊಬ್ಳೇ ಇದ್ದೆ. ನಂಗೂ ಶುಗರ್ ಇದೆ, ನನ್ನ ಸಕ್ಕರೆ ಯಾರ ಹೆಸರಲ್ಲಿ ಹೋದ್ರೇನು ಅನ್ನಿಸ್ತು."

"ಡೋಸ್ ಏರಿಸಿದಾಗಲಾದ್ರೂ ಬಾಯಿ ಬಿಡಬಹುದಿತ್ತಲ್ಲ?"

"ಇನ್ನೂ ಬೇಗ ಬೇಗ ಹೋಗಿ ನೋಡ್ಕೊಂಡು ಬಂದ್ರಾಯ್ತು ಅಂದ್ಕೊಂಡೆ."

"ಏಕಾದಶಿ ದಿನ ಒಂದು ತುತ್ತು ತಿಂದಿದ್ರೆ ನಿಮ್ಮನ್ನ ಹಿಡಿಯೋಕೆ ನನ್ನಿಂದ ಆಗ್ತಿರ್ಲಿಲ್ಲ."

"ಅದೊಂದು ಬಿಡೋಕಾಗಲಿಲ್ಲ ಸರ್."

"ಅನ್ನ ಬಿಟ್ರಿ, ಸುಳ್ಳು ಬಿಡ್ಲಿಲ್ಲ!" ಎಂದು ರಾಜಗೋಪಾಲ ಮೇಜು ಗುದ್ದಿದ. ಸಿಟ್ಟು ಅವರ ಮೇಲೋ, ಇನ್ಯಾರ ಮೇಲೋ ಅವನಿಗೇ ತಿಳಿಯಲಿಲ್ಲ.

ನಯೋಮಿಗೆ ಅವನೇ ಹೋಗಿ ಹೇಳಿದ. ತಾಯಿ ತೀರಿಕೊಂಡದ್ದು ಡೋಸ್ ಏರಿಸುವ ಮೊದಲು. ವೈದ್ಯರು ದಾಖಲೆ ನೋಡಿದ್ದಾರೆ, ಹೃದಯವೇ ಕಾರಣ. "ಕೊನೇ ವರ್ಷ ಅಮ್ಮ ಬರೀ ಜಪಾನೀಸ್ ಮಾತಾಡ್ತಿದ್ರು," ಎಂದರು ನಯೋಮಿ. "ನಂಗೆ ಒಂದಕ್ಷರಾನೂ ಅರ್ಥ ಆಗ್ತಿರ್ಲಿಲ್ಲ. ಆ ಹೆಂಗಸಿಗೆ ಆಗ್ತಿತ್ತು."

31ರ ಮಂಗಳವಾರ ಜೈಲಿನಿಂದ ಫೋನ್ ಬಂತು. ರಿಮ್ಯಾಂಡಿನಲ್ಲಿರುವ ಹೆಂಗಸು ಏನೂ ತಿನ್ನುತ್ತಿಲ್ಲ, ಸತ್ಯಾಗ್ರಹವೇ ಎಂದು ಕೇಳಿದರು. "ಅಲ್ಲ," ಎಂದ ರಾಜಗೋಪಾಲ. "ನಾಳೆ ಹೊತ್ತು ಹುಟ್ಟುತ್ತಲೇ ಕೊಡಿ, ತಿಂತಾರೆ."

ಏಪ್ರಿಲ್ 3, ಗುಡ್ ಫ್ರೈಡೇ. ರಜೆಯ ಠಾಣೆಯಲ್ಲಿ ರಾಜಗೋಪಾಲನೂ ಮಿಷೆಲ್ಲೂ ಆರೋಪಪಟ್ಟಿ ಬರೆಯುತ್ತಿದ್ದಾಗ, ಸಾಕ್ಷ್ಯದ ಚೀಲದಲ್ಲಿದ್ದ ಸೆತ್ಸುಕೊ ಅವರ ಫೋನು ಸದ್ದು ಮಾಡಿತು.

'ಸೆತ್ಸುಕೊ ಅವರೇ, ಈ ವಾರ ನಿಮ್ಮಿಂದ ಏನೂ ಸುದ್ದಿಯಿಲ್ಲ. ಆರಾಮಾಗಿದ್ದೀರಾ?'

"ಆ ಕಂಪ್ಯೂಟರನ್ನ ರಜೆ ಮುಗಿದ್ಮೇಲೆ ಆಫ್ ಮಾಡ್ತಾರಂತೆ," ಎಂದಳು ಮಿಷೆಲ್. "ಮಾತ್ರೆ ನಿಂತ ದಿನಾನೇ ಎಲ್ಲರ ಸೆನ್ಸರೂ ತೆಗೆಸಿದ್ರಲ್ಲ, ಇದು ಎಲ್ಲರಿಗೂ ಹೋಗಿರತ್ತೆ."

ತನಿಖೆಗೆಂದು ಕೊಟ್ಟಿದ್ದ ಪಾಸ್‌ವರ್ಡಿನಿಂದ ಅವಳು ಕೆಸ್ಟ್ರೆಲ್ ಕಂಪ್ಯೂಟರನ್ನು ಇಲ್ಲಿಂದಲೇ ತೆರೆದಳು. ಉತ್ತರಗಳು ಬರತೊಡಗಿದ್ದವು. ಬ್ರಿಸ್ಬೇನಿನಿಂದ ಒಂದು, ಪರ್ತಿನಿಂದ ಎರಡು, ಮಾಡ್ಬರಿಯ ಆಸ್ಪತ್ರೆಯಿಂದ ಬಲು ಉದ್ದದ್ದೊಂದು. ಎಲ್ಲವೂ ಜಪಾನಿ ಲಿಪಿಯಲ್ಲಿದ್ದವು.

"ಏನಂತೆ?" ಎಂದ ರಾಜಗೋಪಾಲ.

ಮಿಷೆಲ್ ಅವನ ಮುಖ ನೋಡಿದಳು. ಅದನ್ನು ಓದಬಲ್ಲವರನ್ನು ಅವರೇ ಒಳಗೆ ಹಾಕಿದ್ದರು.