ಅರವತ್ತಮೂರನೇ ನಂಬರು

ಸಾವಿರದ ಒಂಬೈನೂರ ನಲವತ್ತನಾಲ್ಕರ ಫೆಬ್ರವರಿಯಲ್ಲಿ, ಹಲಸೂರಿನ ನಮ್ಮ ಪುಟ್ಟ ಆಸ್ಪತ್ರೆಗೆ ಮುನಿರಾಜಪ್ಪ ಬಲಗಾಲು ಎಳೆದುಕೊಂಡು ಬಂದ.

"ನಾನು ಕುಂಟೋ ನಾಟಕ ಆಡ್ತಿದೀನಂತೆ. ನಿಮ್ಮ ಕಾಗದದಲ್ಲೇ ಹಂಗೈತೆ ಅಂತ ಸಾಹುಕಾರ್ರು ಕೆಲಸದಿಂದ ತೆಗೀತಾರಂತೆ ಸ್ವಾಮಿ!"

ಡಿಸೆಂಬರಿನಲ್ಲಿ ಕೃಷ್ಣರಾಜಪುರದ ಮರದ ಗೋದಾಮಿನಲ್ಲಿ ಅವನು ಏಣಿಯಿಂದ ಬಿದ್ದಿದ್ದ. ಬಂಡಿಯಿಂದ ಇಳಿಸಿ ಹೆಗಲ ಮೇಲೆ ಹೊತ್ತು ಒಳಗೆ ತಂದವನು ಅವನ ನೆರೆಮನೆಯವನೇ ಆದ ನಮ್ಮ ಗುಮಾಸ್ತ ಆದಿನಾರಾಯಣ.

ಕಾಂಪೌಂಡರ್ ಆಗಿದ್ದ ನಾನು, ಅಂಜನಮೂರ್ತಿ, ಕೇಸಿನ ಹಾಳೆ ತೆಗೆದೆ. ಟೈಪಾಗಿತ್ತು: ಡಿಸೆಂಬರ್ ಹತ್ತು, ನಡಿಗೆಯಲ್ಲಿ ದೋಷವಿಲ್ಲ, ನಟನೆ. ಮೂಲೆಯಲ್ಲಿ, ಕಾಯಿಲೆಗಳ ಪಟ್ಟಿಯಂತೆ ಹಾಕುವ ನಂಬರು: ಅರವತ್ತಮೂರು. ಕೆಳಗೆ ಹಳೆಯ ಡಾಕ್ಟರ ರಬ್ಬರ್ ಮೊಹರು ಮಾತ್ರ, ಸಹಿ ಇಲ್ಲ. ಕೇಳೋಣವೆಂದರೆ ಅವರು ಡಿಸೆಂಬರ್ ಕೊನೆಗೇ ಯುದ್ಧಕ್ಕೆ ಹೋಗಿದ್ದರು. ಹಾಳೆಗಳೂ ಆ ಮೊಹರೂ ಇರುವ ಬೀರುವಿನ ಬೀಗದಕೈ ಇದ್ದದ್ದು ನರ್ಸ್ ಶಮೀಮ್, ಆದಿನಾರಾಯಣ ಮತ್ತು ನನ್ನ ಬಳಿ. ನನ್ನ ಮೇಲೂ ಅನುಮಾನ ಬರುತ್ತದಲ್ಲ ಎಂದು ಮೈ ಉರಿಯಿತು.

ಆಸ್ಪತ್ರೆಯ ಹಿತ್ತಲ ಕೋಣೆಯಲ್ಲೇ ವಾಸವಿದ್ದ ನಿವೃತ್ತ ನರ್ಸ್ ಮಂಜುಳಮ್ಮನವರನ್ನು ಕರೆದೆ. ನಮ್ಮಲ್ಲಿ ಏನು ಕಳೆದರೂ ಹುಡುಕಿಕೊಡುತ್ತಿದ್ದವರು ಅವರು. ಅವರು ಮುನಿರಾಜಪ್ಪನ ಬಲಗಾಲಿನ ಚಪ್ಪಲಿ ತಿರುಗಿಸಿದರು. ಹೆಬ್ಬೆರಳಿನ ಕಡೆ ಮಾತ್ರ ಸವೆದು ತೂತಾಗಿತ್ತು. ಆಮೇಲೆ ನವೆಂಬರಿನ ರಿಜಿಸ್ಟರು ತರಿಸಿ ಓದಿದರು. ಹೋಗುತ್ತಾ, "ಆದಿ, ನಟನೆಗೆ ಯಾವ ನಂಬರಪ್ಪ?" ಎಂದರು.

"ಅರವತ್ತಮೂರಮ್ಮ," ಎಂದ ಅವನು, ಪಟ್ಟಿ ನೋಡದೆಯೇ.

ಸಂಜೆ ಹೊಸ ಡಾಕ್ಟರ್ ಅಕ್ತರ್ ಅವರ ಕೋಣೆಯಲ್ಲಿ ಎಲ್ಲರೂ ಸೇರಿದೆವು.

"ನಾಟಕ ಆಡೋನು ಮನುಷ್ಯರ ಮುಂದೆ ಕುಂಟ್ತಾನೆ," ಎಂದರು ಮಂಜುಳಮ್ಮ. "ಚಪ್ಪಲಿ ತೂತಾಗೋವರೆಗೂ ಕುಂಟಲ್ಲ. ಅಂದ್ಮೇಲೆ ಹಾಳೆ ಸುಳ್ಳು. ಬರೆದಿದ್ದು ಯಾವಾಗ? ಕಾಯಿಲೆಗಳ ಹೊಸ ಪಟ್ಟಿ ಬಂದಿದ್ದು ಜನವರಿಯಲ್ಲಿ, ಅದರ ಮೇಲೆ ತಾರೀಕಿನ ಮೊಹರಿದೆ. ನವೆಂಬರಿನ ರಿಜಿಸ್ಟರಲ್ಲಿ ನಟನೆಗೆ ನಲವತ್ತೊಂದು. ಡಿಸೆಂಬರಲ್ಲೂ ಅದೇ ಇರ್ಬೇಕಿತ್ತು. ಹೊಸ ನಂಬರು ಅವತ್ತಿನ ಹಾಳೆಗೆ ಹೆಂಗ್ ಬಂತು? ಆ ಪಟ್ಟಿ ಇರೋದು ಗುಮಾಸ್ತರ ಡ್ರಾಯರಿನಲ್ಲಿ. ಶಮೀಮ್ ಆಗ್ಲಿ, ಅಂಜನಮೂರ್ತಿ ಆಗ್ಲಿ ಅದನ್ನ ನೋಡೇ ಇಲ್ಲ. ದಿನಾ ನಂಬರು ಹಾಕೋ ಕೈ ಅಭ್ಯಾಸಬಲದಿಂದ ಹಾಕ್ಬಿಡ್ತು, ಆದಿ."

ಆದಿನಾರಾಯಣ ಬೀಗದಕೈ ಮೇಜಿನ ಮೇಲಿಟ್ಟು ಕೂತ. "ಏಣಿ ಹಿಡ್ಕೋಬೇಕಿದ್ದೋನು ಅಲ್ಲೇ ಕೆಲಸ ಮಾಡೋ ನನ್ನ ತಮ್ಮ. ಬೀಡಿ ಸೇದಕ್ಕೆ ಬಿಟ್ಟು ಹೋಗಿದ್ದ. ಕಾಲು ಹೋಗಿರೋದು ನಿಜ ಅಂದ್ರೆ ವಿಚಾರಣೆ ಆಗೋದು, ಅವನು ಸಿಕ್ಕಾಕ್ಕೊಳ್ಳೋನು..."

ಎರಡು ವರ್ಷ ಒಂದೇ ಡಬ್ಬಿಯಲ್ಲಿ ಉಂಡಿದ್ದೆವು ಆದಿಯೂ ನಾನೂ. ಆ ಬೀಗದಕೈ ಲೆಕ್ಕದಲ್ಲಿ ನಾನೂ ಸಿಕ್ಕಿಬೀಳುತ್ತೇನೆಂದು ಅವನಿಗೆ ಗೊತ್ತಿರಲಿಲ್ಲವೇ? ನನಗೆ ಅಳು ಬಂತು.

ಡಾಕ್ಟರ್ ಅಕ್ತರ್ ಮುನಿರಾಜಪ್ಪನ ಕಾಲು ಪರೀಕ್ಷಿಸಿ, ಪಾದ ಎತ್ತಲಾಗದು, ನರಕ್ಕೆ ಪೆಟ್ಟು ಎಂದು ಹೊಸ ಹಾಳೆ ಬರೆದು ಸಹಿ ಹಾಕಿದರು. ಕೆಲಸ ಉಳಿಯಿತು.

ಹೊರಡುವಾಗ ಆದಿನಾರಾಯಣ ಎದ್ದು, ಅಂದಿನಂತೆಯೇ ಹೆಗಲು ಕೊಡಲು ಬಗ್ಗಿದ. ಮುನಿರಾಜಪ್ಪ ಅವನ ಮುಖ ನೋಡಲಿಲ್ಲ. ಗೋಡೆ ಹಿಡಿದು, ಕಾಲೆಳೆಯುತ್ತಾ, ಒಬ್ಬನೇ ಮೆಟ್ಟಿಲಿಳಿದ.