ಕೆಂಪಿಯ ಪಾಚಿ ಕಂಬಳಿ

ಕಡಲಿಗೆ ಇನ್ನೂ ಪೂರ್ತಿ ಉಪ್ಪು ಹತ್ತದಿದ್ದ ಕಾಲ. ಬಿಸಿಲು ಇಳಿದು ಮುಟ್ಟುವಷ್ಟೇ ಆಳದಲ್ಲಿ ಹವಳಾವತಿ ಎಂಬ ರಾಜ್ಯವಿತ್ತು. ಅಲ್ಲಿನ ಜನರೆಲ್ಲ ಹವಳದವರು. ಅವರು ಅಡುಗೆ ಮಾಡುತ್ತಿರಲಿಲ್ಲ, ಏಕೆಂದರೆ ಪ್ರತಿಯೊಬ್ಬರ ಚರ್ಮದೊಳಗೂ ಕಣ್ಣಿಗೆ ಕಾಣದಷ್ಟು ಸಣ್ಣ ಅಡುಗೆಯವರು ಸಾವಿರ ಸಾವಿರ ವಾಸವಾಗಿದ್ದರು. ಹಗಲು ಬಿಸಿಲನ್ನು ಬೇಯಿಸಿ ಬಡಿಸುವುದು, ಇರುಳು ಒಲೆ ಆರಿಸಿ ಮಲಗುವುದು ಅವರ ಕ್ರಮ. ಮೈಬಣ್ಣವೂ ಅವರದೇ ಕೊಡುಗೆ. ಹಾಗಾಗಿ ಅಲ್ಲಿ ಮಗುವಿನ ಬಣ್ಣ ನೋಡಿಯೇ ಹೆಸರಿಡುತ್ತಿದ್ದರು.

ರಾಜ ಪಚ್ಚೆರಾಯನಿಗೆ ಊಟವೆಂದರೆ ಪ್ರಾಣ. 'ಇರುಳು, ಮಳೆಗಾಲ, ಚಳಿಗಾಲ ಇವೆಲ್ಲ ಯಾಕೆ? ಸದಾ ಬೇಸಗೆಯ ಮಧ್ಯಾಹ್ನವಿದ್ದರೆ ಸದಾ ಊಟ' ಎಂದು ಅವನು ಕೆಂಡಗಣ್ಣನೆಂಬ ಮಾಂತ್ರಿಕನನ್ನು ಕರೆಸಿದ. ಮಾಂತ್ರಿಕ ಒಡನೆಯೇ ಮೂರು ಹಗ್ಗ ಹೊಸೆದು ಸೂರ್ಯನನ್ನು ನೆತ್ತಿಯ ಮೇಲೆ ಕಟ್ಟಿಹಾಕಿದ. ಒಂದು ಹಗ್ಗ ಚಳಿಗಾಲವನ್ನು ತಡೆಯಿತು, ಒಂದು ಮಳೆಗಾಲವನ್ನು, ಒಂದು ಇರುಳನ್ನು.

ಮೊದಮೊದಲು ಊರಿಗೆಲ್ಲ ಹಬ್ಬ. ಆಮೇಲೆ ಊಟ ಕಹಿಯಾಯಿತು, ಉಂಡವರ ಹೊಟ್ಟೆ ಉರಿಯಿತು. "ಅಡುಗೆಯವರು ವಿಷ ಹಾಕ್ತಿದ್ದಾರೆ, ಹೊರಗೆ ದಬ್ಬಿ" ಎಂದ ರಾಜ. ಎಲ್ಲರೂ ದಬ್ಬಿದರು. ಅಡುಗೆಯವರ ಜೊತೆ ಊಟವೂ ಹೋಯಿತು, ಬಣ್ಣವೂ ಹೋಯಿತು. ಊರಿಗೆ ಊರೇ ಬೆಳ್ಳಗಾಗಿ ನಿಂತಿತು. ಕೆಂಡಗಣ್ಣ ಕಾದಿದ್ದುದೂ ಇದಕ್ಕೇ. ಅವನ ಹೊಸ ಅರಮನೆಗೆ ಸುಣ್ಣ ಬೇಕಿತ್ತು, ಹಸಿದ ಹವಳದವರು ಒಣಗಿ ಸುಣ್ಣವಾಗುತ್ತಾರೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು.

ಬಣ್ಣ ಉಳಿದದ್ದು ಒಬ್ಬಳದೇ. ಅವಳು ಕೆಂಪಿ, ಊರಿನ ಪ್ರಸಿದ್ಧ ನಿದ್ದೆಬುರುಕಿ. ಇರುಳಿಲ್ಲದೆ ನಿದ್ದೆ ಬಾರದೆಂದು ಪಾಚಿಯಲ್ಲಿ ದಪ್ಪ ಕಂಬಳಿ ಹೆಣೆದುಕೊಂಡು ಮುಸುಕೆಳೆದು ಮಲಗುತ್ತಿದ್ದಳು. ಎಲ್ಲರೂ ಸೋಮಾರಿ ಎಂದು ನಗುತ್ತಿದ್ದರು. ಅವಳು ಅದಕ್ಕೂ ಏಳುತ್ತಿರಲಿಲ್ಲ, ರಾಜನ ಅಪ್ಪಣೆಗೂ ಎದ್ದಿರಲಿಲ್ಲ.

ಒಮ್ಮೆ ತಂಗಿ ನೇರಳೆ ಬಂದು, "ಅಕ್ಕಾ, ಹಸಿವು" ಎಂದು ಕೈ ಹಿಡಿದಳು. ಕೆಂಪಿಯ ಅಂಗೈಗೆ ಬಿಳಿ ಪುಡಿ ಮೆತ್ತಿಕೊಂಡಿತು. ತಂಗಿ ಆಗಲೇ ಸುಣ್ಣವಾಗುತ್ತಿದ್ದಳು. ಕೆಂಪಿಗೆ ಸಂಕಟ ತಡೆಯಲಾಗಲಿಲ್ಲ. ತನ್ನೊಳಗಿನ ಅಡುಗೆಯವರನ್ನೇ ಕೇಳಿದಳು, "ನಿಮ್ಮ ಅಡುಗೆ ಮಾತ್ರ ಯಾಕೆ ಕಹಿಯಾಗಿಲ್ಲ?"

"ನೀವು ಕಂಬಳಿ ಹೊದ್ದಾಗ ನಾವು ಒಲೆ ಆರಿಸ್ತೀವಿ ಅಕ್ಕಾವ್ರೇ. ಉಳಿದವರ ಒಲೆ ಆರಲೇ ಇಲ್ಲ. ಆರದ ಒಲೆ ಮೇಲೆ ಏನಿಟ್ಟರೂ ಸೀದುಹೋಗುತ್ತೆ."

"ಹಾಗಾದ್ರೆ ಸೂರ್ಯನನ್ನ ಬಿಡಿಸಿದರಾಯ್ತು" ಎಂದು ಕೆಂಪಿ ತಂಗಿಗೆ ತನ್ನ ಊಟದಲ್ಲಿ ಒಂದು ತುತ್ತು ಉಣಿಸಿ, ಕಂಬಳಿ ಹೆಗಲಿಗೇರಿಸಿ ಹೊರಟಳು.

ಮೊದಲ ಹಗ್ಗವನ್ನು ಬಂಡೆಯಷ್ಟು ದೊಡ್ಡ ಏಡಿ ಕಾಯುತ್ತಿತ್ತು. "ಹಗ್ಗ ಬೇಕಾದ್ರೆ ನನಗೇನು ಕೊಡ್ತೀಯ?" ಎಂದಿತು.

"ಏಡಿ ಮಾವ, ನಿಮ್ಮ ಹೊಟ್ಟೆ ಬೆನ್ನಿಗೆ ಹತ್ತಿದೆ. ನನ್ನ ತೋಳೊಳಗಿನ ಅಡುಗೆಯವರು ಬಿಸಿ ಊಟ ಬಡಿಸ್ತಾರೆ, ಉಣ್ಣಿ." ಏಡಿ ಹೊಟ್ಟೆ ತುಂಬ ಉಂಡು, ತಾನೇ ಇಕ್ಕಳದಂಥ ಕೈಯಿಂದ ಹಗ್ಗ ಕತ್ತರಿಸಿತು. ತಣ್ಣನೆಯ ನೀರು ಎಲ್ಲಿಂದಲೋ ಹರಿದು ಬಂತು.

ಎರಡನೆಯ ಹಗ್ಗವನ್ನು ಹಾವುಮೀನು ಸುತ್ತಿಕೊಂಡಿತ್ತು. "ನನಗೇನು ಕೊಡ್ತೀಯ? ಬಿಸಿಲಿಗೆ ಬೆನ್ನೆಲ್ಲ ಸುಟ್ಟಿದೆ" ಎಂದಿತು.

"ನೆರಳು ಕೊಡ್ತೀನಿ" ಎಂದು ಕೆಂಪಿ ಕಂಬಳಿಯನ್ನು ಎರಡಾಗಿ ಹರಿದು ಒಂದನ್ನು ಹೊದಿಸಿದಳು. ಹಾವುಮೀನು ಹಗ್ಗ ಕಡಿಯಿತು. ದೂರದಲ್ಲಿ ಮೋಡ ಎದ್ದಿತು.

ಮೂರನೆಯ ಹಗ್ಗ ಕೆಂಡಗಣ್ಣನ ಸೊಂಟದಲ್ಲೇ ಇತ್ತು. ಅವನು ನೀರಿನ ಮೇಲಿನ ಬಂಡೆಗೆ ಕಾಲು ಒತ್ತಿಕೊಂಡು, ಎರಡೂ ಕೈಯಲ್ಲಿ ಹಗ್ಗ ಬಿಗಿಹಿಡಿದು ಕೂತಿದ್ದ. "ನನಗೇನು ಕೊಡ್ತೀಯೇ? ನಿನ್ನ ಹತ್ರ ಉಳಿದಿರೋದು ಅರ್ಧ ಹರಕು ಕಂಬಳಿ."

"ಅಷ್ಟು ಸಾಕು. ಈ ಹಗ್ಗ ಹಿಡಿದುಕೊಂಡು ಕೂತಾಗಿನಿಂದ ಒಂದು ಸಲನಾದ್ರೂ ಮಲಗಿದ್ದೀಯಾ?" ಎಂದ ಕೆಂಪಿ ಬಾಯಿ ತೆರೆದು ಆಕಳಿಸಿದಳು. ಆಕಳಿಸುವುದರಲ್ಲಿ ಅವಳನ್ನು ಮೀರಿಸುವವರು ಏಳು ಕಡಲಲ್ಲೂ ಇರಲಿಲ್ಲ. ಮಾಂತ್ರಿಕನೂ ಆಕಳಿಸಿದ. ಅವಳು ಮತ್ತೆ ಆಕಳಿಸಿದಳು, ಅವನ ಕೆಂಡದ ಕಣ್ಣು ಮಂಕಾಯಿತು. ಕೂಡಲೇ ತಲೆಯ ಮೇಲೆ ಕಂಬಳಿ ಹೊದಿಸಿದಳು. ಕತ್ತಲು ಕಂಡದ್ದೇ ತಡ, ಅವನು ಗೊರಕೆ ಹೊಡೆದ. ಹಿಡಿತ ಸಡಿಲವಾಯಿತು. ಸೂರ್ಯ ಒಂದೇ ಜಗ್ಗಿಗೆ ಹಗ್ಗವನ್ನೂ ಮಾಂತ್ರಿಕನನ್ನೂ ಎಳೆದುಕೊಂಡು ಪಡುವಣಕ್ಕೆ ಇಳಿದ. ಬೆಳಿಗ್ಗೆ ಸೂರ್ಯ ಮರಳಿ ಬಂದ, ಮಾಂತ್ರಿಕ ಬರಲಿಲ್ಲ.

ಮಳೆ ಸುರಿಯಿತು, ನೀರು ತಣಿಯಿತು. ಅಲೆದಾಡುತ್ತಿದ್ದ ಅಡುಗೆಯವರು ಒಬ್ಬೊಬ್ಬರಾಗಿ ಊರ ಬಾಗಿಲಿಗೆ ಬಂದರು. ಪಚ್ಚೆರಾಯ ಅಲ್ಲಿ ತಾನೇ ನಿಂತು, "ತಪ್ಪು ನನ್ನದು, ಒಳಗೆ ಬನ್ನಿ" ಎಂದು ಕೈಮುಗಿದ. ಮುಂದೆ ಬೇಸಗೆ ಬಂದಾಗಲೆಲ್ಲ ಮಧ್ಯಾಹ್ನ ರಾಜ್ಯವೇ ಪಾಚಿ ಕಂಬಳಿ ಹೊದ್ದು ಮಲಗಬೇಕೆಂದು ಡಂಗುರ ಸಾರಿಸಿದ. ಎಲ್ಲರಿಗಿಂತ ಮೊದಲು ಅವನೇ ಮಲಗಿದ.

ಆದರೆ ಗಡಿಬಿಡಿಯಲ್ಲಿ ಅಡುಗೆಯವರು ಸಿಕ್ಕ ಸಿಕ್ಕ ಮನೆ ಹೊಕ್ಕಿದ್ದರು. ನೇರಳೆ ಈಗ ಅರಿಸಿನ ಬಣ್ಣವಾಗಿದ್ದಳು. ಹೊಟ್ಟೆ ತುಂಬ ಉಂಡು, ಅಕ್ಕ ಹೊಸದಾಗಿ ಹೆಣೆದ ಕಂಬಳಿಯೊಳಗೆ ತೂರಿಕೊಂಡು ಪಿಸುಗುಟ್ಟಿದಳು, "ಅಕ್ಕಾ, ನಾನು ಇನ್ನೂ ನೇರಳೆನೇನಾ?"

ಕೆಂಪಿ ಅವಳ ಕೈ ಹಿಡಿದು ಅಂಗೈ ನೋಡಿಕೊಂಡಳು. ಪುಡಿ ಮೆತ್ತಿರಲಿಲ್ಲ.

"ನೇರಳೆನೇ ಕಣೇ. ಸುಮ್ನೆ ಮಲಗು, ಒಲೆ ಆರಿಸೋ ಹೊತ್ತಾಯ್ತು" ಎಂದಳು. ಇಬ್ಬರೂ ಮಲಗಿದರು, ಅವರೊಳಗಿನ ಸಾವಿರ ಸಾವಿರ ಅಡುಗೆಯವರೂ ಮಲಗಿದರು, ಹವಳಾವತಿಯಲ್ಲಿ ಮತ್ತೆಂದೂ ಯಾರೂ ಹಸಿಯಲಿಲ್ಲ.